ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು: ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ವಾದ ಕಟ್ಟುವ ಬಗೆ

2021ರ ಡಿಸೆಂಬರ್ 4ರಂದು ಅಟ್ಲಾಂಟಾದಲ್ಲಿ ನಡೆದ, ಅಮೆರಿಕದ ಆಗ್ನೇಯ ಭಾಗದ ವಿಶ್ವವಿದ್ಯಾಲಯ ತಂಡಗಳ ಗುಂಪಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ, ಆ ಋತುವಿನಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡವು ಅಲಬಾಮಾ ಎದುರು 41–24ರಿಂದ ಸೋತಿತು. ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್ ಸ್ಟೆಟ್ಸನ್ ಬೆನೆಟ್ ಎಸೆದ ಎರಡು ಚೆಂಡುಗಳು ಎದುರಾಳಿಗಳ ಕೈ ಸೇರಿದ್ದವು. ಅವುಗಳಲ್ಲಿ ಒಂದು ನೇರವಾಗಿ ಎದುರಾಳಿಗಳ ಟಚ್‌ಡೌನ್ (ಚೆಂಡನ್ನು ಮೈದಾನದ ಕೊನೆಯ ವಲಯಕ್ಕೆ ಒಯ್ದು ಗಳಿಸುವ ಅಂಕ) ಆಯಿತು. ಆ ರಾತ್ರಿಯಿಂದಲೇ ಜಾರ್ಜಿಯಾ ಅಭಿಮಾನಿಗಳ ನಡುವೆ, ಬೆಂಚಿನಲ್ಲಿರುವ ಜೆ.ಟಿ. ಡೇನಿಯಲ್ಸ್‌ಗೆ ತಂಡವನ್ನು ಒಪ್ಪಿಸಬೇಕೆಂಬ ಕೂಗು ಎದ್ದಿತು. ಡೇನಿಯಲ್ಸ್ ಶಾಲಾ ದಿನಗಳಿಂದಲೇ ಐದು ನಕ್ಷತ್ರಗಳ, ಅಂದರೆ ಅತ್ಯುನ್ನತ ದರ್ಜೆಯ, ಪ್ರತಿಭೆ ಎನಿಸಿಕೊಂಡವರು, ಋತುವಿನ ಮೊದಲ ಪಂದ್ಯ ಆಡಿ ಗಾಯದಿಂದ ಸ್ಥಾನ ಕಳೆದುಕೊಂಡವರು. ಬೆನೆಟ್ ವಿದ್ಯಾರ್ಥಿವೇತನವೂ ಇಲ್ಲದೆ ವಾಕ್-ಆನ್ ಆಗಿ ತಂಡ ಸೇರಿ, ನಡುವೆ ಒಂದು ವರ್ಷ ಮಿಸಿಸಿಪ್ಪಿಯ ಜೂನಿಯರ್ ಕಾಲೇಜಿನಲ್ಲಿ ಆಡಿ ಮರಳಿದವರು. ಹೀಗೆ ಶಾಲಾ ದಿನಗಳ ಖ್ಯಾತಿ ಒಂದು ಕಡೆ, ಅಂದಿನವರೆಗಿನ ಆಟ ಇನ್ನೊಂದು ಕಡೆ ನಿಂತಾಗ ವಾದ ಬೇಗ ಬಿಸಿಯಾಗುತ್ತದೆ, ಆದರೆ ಮುಂದೆ ಸಾಗುವುದಿಲ್ಲ. ಅಂಥ ವಾದವನ್ನು ಮುಂದೆ ಸಾಗಿಸುವುದು ಹೇಗೆ ಎಂಬುದನ್ನು ಈ ಆಟವನ್ನು ಪ್ರೀತಿಸುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಫುಟ್‌ಬಾಲ್‌ಗೆ ಹೊಸಬರಾದ ಓದುಗರಿಗೆ ಒಂದು ಮಾತು. ಹನ್ನೊಂದು ಆಟಗಾರರ ಆಫೆನ್ಸ್‌ನಲ್ಲಿ, ಅಂದರೆ ಚೆಂಡು ಹೊಂದಿರುವ ಪಾಳಿಯಲ್ಲಿ, ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ; ಅದನ್ನು ಪಡೆದ ಕ್ವಾರ್ಟರ್‌ಬ್ಯಾಕ್ ಎರಡು-ಮೂರು ಸೆಕೆಂಡುಗಳೊಳಗೆ ಅದನ್ನು ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ನಿರ್ಧರಿಸುತ್ತಾನೆ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಬಹುತೇಕ ಪ್ರತಿ ಸಲವೂ ಚೆಂಡು ಮೊದಲು ಬರುವುದು ಆತನ ಕೈಗೇ ಆದ್ದರಿಂದ, ಗೆದ್ದಾಗ ಹೆಚ್ಚಿನ ಹೊಗಳಿಕೆಯೂ ಸೋತಾಗ ಹೆಚ್ಚಿನ ದೂಷಣೆಯೂ ಆತನ ಪಾಲಾಗುತ್ತವೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಬರೆದುಕೊಳ್ಳಿ. "ಇಬ್ಬರಲ್ಲಿ ಯಾರು ಉತ್ತಮ ಆಟಗಾರ?" ಎಂಬುದು ಒಂದು ಪ್ರಶ್ನೆ, "ಈ ತಂಡಕ್ಕೆ, ಈ ಸಹ ಆಟಗಾರರೊಂದಿಗೆ, ಮುಂದಿನ ಎದುರಾಳಿಯ ವಿರುದ್ಧ ಯಾರು ಬೇಕು?" ಎಂಬುದು ಬೇರೆಯೇ ಪ್ರಶ್ನೆ. ತರಬೇತುದಾರರು ಉತ್ತರಿಸಬೇಕಾದದ್ದು ಎರಡನೆಯದಕ್ಕೆ. ಅಭಿಮಾನಿಗಳು ಬಹಳ ಸಲ ವಾದಿಸುವುದು ಮೊದಲನೆಯದರ ಬಗ್ಗೆ. ಆ ವರ್ಷದ ಜಾರ್ಜಿಯಾ ತಂಡದ ಬಲವಿದ್ದದ್ದು ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನಲ್ಲಿ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2022ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿಯೇ ಅದರ ಐವರು ಡಿಫೆನ್ಸ್ ಆಟಗಾರರು ಆಯ್ಕೆಯಾದರು. ಅವರಲ್ಲಿ ಟ್ರಾವನ್ ವಾಕರ್ ಇಡೀ ಡ್ರಾಫ್ಟ್‌ನ ಮೊದಲ ಹೆಸರು. ಎದುರಾಳಿಗೆ ಅಂಕಗಳನ್ನೇ ಬಿಟ್ಟುಕೊಡದ ಅಂಥ ತಂಡಕ್ಕೆ ಬೇಕಾದದ್ದು ಚೆಂಡನ್ನು ಕಾಪಾಡಿಕೊಳ್ಳುವ, ಒತ್ತಡ ಬಂದಾಗ ಕಾಲು ಚಲಿಸಿ ಕೆಲವು ಗಜಗಳನ್ನಾದರೂ ಗಳಿಸುವ ಕ್ವಾರ್ಟರ್‌ಬ್ಯಾಕ್. ತೋಳಿನ ಬಲವನ್ನು ಮಾತ್ರ ಅಳೆದವರಿಗೆ ಇದು ಕಾಣಿಸಲಿಲ್ಲ.

ಎರಡನೆಯದಾಗಿ, ಸೋಲಿನ ಕಾರಣವನ್ನು ಹುಡುಕುವಾಗ ಅದು ನಿಜವಾಗಿಯೂ ಎಲ್ಲಿತ್ತು ಎಂದು ನೋಡಬೇಕು. ಅದೇ ಡಿಸೆಂಬರ್ ಪಂದ್ಯದಲ್ಲಿ ಅಲಬಾಮಾದ ಬ್ರೈಸ್ ಯಂಗ್ 421 ಗಜಗಳಷ್ಟು ಎಸೆದಿದ್ದರು. ಬೆನೆಟ್ ತಪ್ಪುಗಳನ್ನು ಮಾಡಿದ್ದು ನಿಜ, ಆದರೆ ಅವರು ಕೂಡ 340 ಗಜ ಎಸೆದು ಮೂರು ಟಚ್‌ಡೌನ್ ಕೊಟ್ಟಿದ್ದರು. ಕುಸಿದಿದ್ದು ಇಡೀ ವರ್ಷ ಕುಸಿಯದೆ ನಿಂತಿದ್ದ ಡಿಫೆನ್ಸ್. ಮುಖ್ಯ ತರಬೇತುದಾರ ಕರ್ಬಿ ಸ್ಮಾರ್ಟ್ ಬೆನೆಟ್ ಅವರನ್ನೇ ಉಳಿಸಿಕೊಂಡರು. ಜಾರ್ಜಿಯಾ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಮಿಷಿಗನ್ ತಂಡವನ್ನು 34–11ರಿಂದಲೂ, 2022ರ ಜನವರಿ 10ರಂದು ಇಂಡಿಯಾನಾಪೊಲಿಸ್‌ನಲ್ಲಿ ಅದೇ ಅಲಬಾಮಾವನ್ನು 33–18ರಿಂದಲೂ ಸೋಲಿಸಿ, 1980ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಫೈನಲ್‌ನ ಕೊನೆಯ ಕ್ವಾರ್ಟರ್‌ನಲ್ಲಿಯೂ ಬೆನೆಟ್ ಒಮ್ಮೆ ಚೆಂಡು ಕಳೆದುಕೊಂಡು ತಂಡವನ್ನು ಹಿನ್ನಡೆಗೆ ತಳ್ಳಿದ್ದರು. ಅದಾದ ಮೇಲೆ ಅಡೋನಾಯ್ ಮಿಚೆಲ್ ಅವರಿಗೆ 40 ಗಜದ ಟಚ್‌ಡೌನ್, ಬ್ರಾಕ್ ಬೋವರ್ಸ್ ಅವರಿಗೆ 15 ಗಜದ ಮತ್ತೊಂದು ಟಚ್‌ಡೌನ್ ಎಸೆದು ಗೆಲುವು ತಂದರು. ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ಬೆನೆಟ್ ಬಗ್ಗೆ ಗೌರವ ಹೆಚ್ಚುತ್ತದೆ. ಆದರೂ "ಗೆದ್ದರು, ಆದ್ದರಿಂದ ಆಯ್ಕೆ ಸರಿ" ಎಂಬ ತರ್ಕವನ್ನು ಒಪ್ಪಬೇಡಿ. ಆಯ್ಕೆ ಸರಿಯಾಗಿದ್ದದ್ದು ಡಿಸೆಂಬರ್‌ನಲ್ಲಿ ತಿಳಿದಿದ್ದ ಸಂಗತಿಗಳಿಂದಲೇ. ಜನವರಿಯ ಫಲಿತಾಂಶ ಬೇರೆಯಾಗಿದ್ದರೂ ಆ ತರ್ಕ ಹಾಗೆಯೇ ನಿಲ್ಲುತ್ತಿತ್ತು.

ಇನ್ನು ಅಂಕಿಗಳ ವಿಷಯ. ವಾದದಲ್ಲಿ ಎಲ್ಲರೂ ಎತ್ತುವ ಪಾಸರ್ ರೇಟಿಂಗ್ (ಎಸೆತಗಾರನ ಸಾಧನೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ) ಹೇಗೆ ಬರುತ್ತದೆ ಎಂದು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ. ಕಾಲೇಜು ಫುಟ್‌ಬಾಲ್‌ನ ಸೂತ್ರ ಇದು: ಎಸೆದ ಗಜಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು 330ರಿಂದ, ಗುರಿ ಮುಟ್ಟಿದ ಎಸೆತಗಳನ್ನು 100ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ಎದುರಾಳಿಯ ಕೈ ಸೇರಿದ ಪ್ರತಿ ಎಸೆತಕ್ಕೆ, ಅಂದರೆ ಇಂಟರ್‌ಸೆಪ್ಷನ್‌ಗೆ, 200 ಕಳೆದು, ಒಟ್ಟು ಎಸೆತಗಳಿಂದ ಭಾಗಿಸಬೇಕು. ಜಾರ್ಜಿಯಾ ವಿರುದ್ಧ ನಡೆದ 2018ರ ಜನವರಿ 8ರ ರಾಷ್ಟ್ರೀಯ ಫೈನಲ್‌ನಲ್ಲಿ ಅಲಬಾಮಾದ ಜೇಲನ್ ಹರ್ಟ್ಸ್ ಮೊದಲರ್ಧದಲ್ಲಿ 8 ಎಸೆತಗಳಲ್ಲಿ 3ನ್ನು ಮುಟ್ಟಿಸಿ 21 ಗಜ ಗಳಿಸಿದ್ದರು. ಸೂತ್ರದ ಪ್ರಕಾರ ಅದು ಸುಮಾರು 59.6. ತಂಡ 13–0ರಿಂದ ಹಿಂದಿದ್ದಾಗ ತರಬೇತುದಾರ ನಿಕ್ ಸೇಬನ್ ಮೊದಲ ವರ್ಷದ ವಿದ್ಯಾರ್ಥಿ ಟುವಾ ಟಾಗೊವೈಲೋವಾ ಅವರನ್ನು ಇಳಿಸಿದರು. ಟುವಾ 24ರಲ್ಲಿ 14 ಮುಟ್ಟಿಸಿ, 166 ಗಜ, ಮೂರು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್‌ನೊಂದಿಗೆ ಮುಗಿಸಿದರು. ರೇಟಿಂಗ್ ಸುಮಾರು 149.4. ಅಲಬಾಮಾ ಹೆಚ್ಚುವರಿ ಅವಧಿಯಲ್ಲಿ 26–23ರಿಂದ ಗೆದ್ದಿತು.

ಆದರೆ ಆ 149.4ರೊಳಗೆ ಇಲ್ಲದ ಒಂದು ಸಂಗತಿಯಿದೆ. ಹೆಚ್ಚುವರಿ ಅವಧಿಯಲ್ಲಿ ತಂಡದ ಮೊದಲ ಯತ್ನದಲ್ಲಿಯೇ ಟುವಾ ಚೆಂಡನ್ನು ಬಿಡದೆ ಹಿಂದಕ್ಕೆ ಓಡಿ ಸ್ಯಾಕ್ ಆಗಿ, ಅಂದರೆ ಎಸೆಯುವ ಮುನ್ನವೇ ಎದುರಾಳಿಗಳ ಹಿಡಿತಕ್ಕೆ ಸಿಕ್ಕು, 16 ಗಜ ಕಳೆದುಕೊಂಡರು. ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನಿಂದಾದ ನಷ್ಟವನ್ನು ಓಟದ ಖಾತೆಗೆ ಬರೆಯುತ್ತಾರೆ, ಎಸೆತದ ಖಾತೆಗಲ್ಲ. ಮುಂದಿನ ಯತ್ನದಲ್ಲಿ, ಇನ್ನೂ 26 ಗಜ ಬೇಕಾಗಿದ್ದಾಗ, ಅವರು ಡೆವೊಂಟಾ ಸ್ಮಿತ್‌ಗೆ 41 ಗಜದ ಟಚ್‌ಡೌನ್ ಎಸೆದದ್ದರಿಂದ ಆ ತಪ್ಪು ಎಲ್ಲರ ನೆನಪಿನಲ್ಲಿ ಗೆಲುವಿನ ಕಥೆಯ ಭಾಗವಾಗಿಬಿಟ್ಟಿತು. ಹಾಗಾಗಿ ಯಾವುದೇ ಕಾಲೇಜು ಕ್ವಾರ್ಟರ್‌ಬ್ಯಾಕ್‌ನ ರೇಟಿಂಗ್ ಮುಂದಿಡುವಾಗ ಆತ ಎಷ್ಟು ಸಲ ಸ್ಯಾಕ್ ಆದ, ಎಷ್ಟು ಗಜ ಕಳೆದ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ; ಆತನ ಓಟದ ಸರಾಸರಿ ವಿಚಿತ್ರವಾಗಿ ಕಡಿಮೆ ಕಂಡರೆ ಅದರೊಳಗೆ ಸ್ಯಾಕ್‌ಗಳು ಅಡಗಿವೆಯೇ ಎಂದು ನೋಡಿ. ಋತುವಿನ ಆರಂಭದಲ್ಲಿ ದುರ್ಬಲ ತಂಡಗಳ ವಿರುದ್ಧ ಬಂದ ಅಂಕಿಗಳನ್ನೂ, ಗೆಲುವು ಖಚಿತವಾದ ಮೇಲೆ ಬಂದವನ್ನೂ ಬದಿಗಿಟ್ಟು, ಮೂರನೇ ಯತ್ನದಲ್ಲಿ ಏಳೆಂಟು ಗಜ ಬೇಕಿದ್ದಾಗ ಆತ ಏನು ಮಾಡಿದ ಎಂಬುದನ್ನು ಬೇರೆಯಾಗಿ ಎಣಿಸಿದರೆ ಚಿತ್ರ ಎಷ್ಟೋ ಸ್ಪಷ್ಟವಾಗುತ್ತದೆ.

ಕ್ವಾರ್ಟರ್‌ಬ್ಯಾಕ್ ಒಬ್ಬನನ್ನೇ ನೋಡುತ್ತಾ ತಂಡದ ಆಯ್ಕೆಯನ್ನು ತೂಗುವುದು ಸಾಧ್ಯವಿಲ್ಲ. ಆತನನ್ನು ಕಾಯಲು ಮುಂದೆ ಐವರ ಲೈನ್ ನಿಲ್ಲುತ್ತದೆ: ನಡುವೆ ಸೆಂಟರ್, ಆಚೀಚೆ ಇಬ್ಬರು ಗಾರ್ಡ್‌ಗಳು, ಅಂಚಿನಲ್ಲಿ ಇಬ್ಬರು ಟ್ಯಾಕಲ್‌ಗಳು. ಬಲಗೈಯಿಂದ ಎಸೆಯುವವನ ಬೆನ್ನು ಎಡಕ್ಕೆ ತಿರುಗಿರುವುದರಿಂದ ಎಡ ಟ್ಯಾಕಲ್ ಆತನಿಗೆ ಕಾಣದ ಕಡೆಯನ್ನು ಕಾಯುತ್ತಾನೆ. ಟುವಾ ಎಡಗೈಯವರು, ಅವರಿಗೆ ಆ ಕಾವಲು ಬಲ ಟ್ಯಾಕಲ್‌ನದ್ದಾಗಿತ್ತು. ಜೆಡ್ರಿಕ್ ವಿಲ್ಸ್ ಆ ಸ್ಥಾನದಲ್ಲಿ ಆಡಿ 2020ರ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಆಯ್ಕೆಯಾದದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಎಡಗೈ ಎಸೆತಗಾರನಿಂದ ಬಲಗೈ ಎಸೆತಗಾರನಿಗೆ ತಂಡ ಬದಲಾದರೆ ಲೈನ್‌ನ ಹೊಣೆಗಳೂ ಬದಲಾಗುತ್ತವೆ ಎಂಬುದು ತಿಳಿಯುತ್ತದೆ. ಪಂದ್ಯದ ಮರುಪ್ರಸಾರ ನೋಡುವಾಗ ಒಮ್ಮೆ ಚೆಂಡನ್ನು ಬಿಟ್ಟು ಈ ಐವರನ್ನೇ ನೋಡಿ. ಚೆಂಡು ಹಿಂದಕ್ಕೆ ಬಂದ ಕ್ಷಣದಿಂದ ಮನಸ್ಸಿನಲ್ಲಿ ಎಣಿಸಿ: ಎರಡಕ್ಕೆ ಮುಂಚೆಯೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ತಲುಪಿದರೆ ತಪ್ಪು ಬಹುಶಃ ಲೈನ್‌ನದ್ದು, ನಾಲ್ಕಾದರೂ ಚೆಂಡು ಕೈಯಲ್ಲೇ ಇದ್ದರೆ ಆತನದ್ದು, ಇಲ್ಲವೇ ಎಸೆತ ಹಿಡಿಯಲು ಓಡಿಯೂ ಎದುರಾಳಿಯಿಂದ ಬಿಡಿಸಿಕೊಳ್ಳದ ರಿಸೀವರ್‌ಗಳದ್ದು. ದೂರದರ್ಶನದ ಕ್ಯಾಮೆರಾ ಬಹುತೇಕ ದೂರದ ರಿಸೀವರ್‌ಗಳನ್ನು ಬಿಟ್ಟುಬಿಡುವುದರಿಂದ ಈ ಕೊನೆಯ ವಿಷಯದಲ್ಲಿ ಖಡಾಖಂಡಿತವಾಗಿ ಮಾತನಾಡದಿರುವುದು ಒಳ್ಳೆಯದು.

ಚೆಂಡನ್ನು ಯಾರಿಗೆ ಎಷ್ಟು ಸಲ ಕೊಟ್ಟರು ಎಂಬುದೂ ಇದೇ ಲೆಕ್ಕದಲ್ಲಿ ಬರುತ್ತದೆ. 2015ರಲ್ಲಿ ಒಹಾಯೊ ಸ್ಟೇಟ್ ತಂಡದಲ್ಲಿ ಕಾರ್ಡೇಲ್ ಜೋನ್ಸ್ ಮತ್ತು ಜೆ.ಟಿ. ಬ್ಯಾರೆಟ್ ನಡುವೆ ಯಾರೆಂಬ ಚರ್ಚೆ ವರ್ಷವಿಡೀ ನಡೆಯಿತು. ಹಿಂದಿನ ವರ್ಷ ಬ್ಯಾರೆಟ್ ಗಾಯಗೊಂಡಾಗ ಜೋನ್ಸ್ ಮೂರೇ ಪಂದ್ಯ ಆಡಿ ವಿಸ್ಕಾನ್ಸಿನ್, ಅಲಬಾಮಾ, ಆರೆಗನ್ ತಂಡಗಳನ್ನು ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ತಂದಿದ್ದರಿಂದ ಇಬ್ಬರಿಗೂ ನ್ಯಾಯವಾದ ಹಕ್ಕಿತ್ತು. ಆ ಋತುವಿನ ಏಕೈಕ ಸೋಲು ಮಿಷಿಗನ್ ಸ್ಟೇಟ್ ವಿರುದ್ಧ 17–14ರಿಂದ ಬಂತು. ಆ ಪಂದ್ಯದಲ್ಲಿ ತಂಡದ ಅತ್ಯುತ್ತಮ ಓಟಗಾರ ಎಝಕೀಲ್ ಎಲಿಯಟ್ ಕೈಗೆ ಚೆಂಡು ಸಿಕ್ಕದ್ದು 12 ಸಲ ಮಾತ್ರ. ವರ್ಷವಿಡೀ ಕ್ವಾರ್ಟರ್‌ಬ್ಯಾಕ್ ಯಾರೆಂದು ವಾದಿಸಿದವರು ಕೊನೆಗೆ ಕೇಳಬೇಕಾದ ಪ್ರಶ್ನೆ ಆಟದ ಯೋಜನೆಯ ಬಗ್ಗೆಯೇ ಇತ್ತು ಎಂದು ನನ್ನ ದೃಢವಾದ ಅಭಿಪ್ರಾಯ.

ಇಬ್ಬರನ್ನೂ ಆಡಿಸಿ ಎನ್ನುವವರು ಪ್ರತಿ ಚರ್ಚೆಯಲ್ಲೂ ಇರುತ್ತಾರೆ. ಅದು ಅಸಾಧ್ಯವಲ್ಲ: 2006ರ ಫ್ಲೋರಿಡಾ ತಂಡದಲ್ಲಿ ಕ್ರಿಸ್ ಲೀಕ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿದ್ದು, ಹೊಸಬ ಟಿಮ್ ಟೀಬೋ ಕಡಿಮೆ ಗಜ ಬೇಕಾದಾಗ ಓಡಲು ಬರುತ್ತಿದ್ದರು, ಆ ತಂಡ ಚಾಂಪಿಯನ್ ಆಯಿತು. ಅಲ್ಲಿ ಇಬ್ಬರ ಕೆಲಸವೂ ಬೇರೆಬೇರೆಯಾಗಿತ್ತು ಎಂಬುದನ್ನು ಗಮನಿಸಿ. ಒಂದೇ ಕೆಲಸಕ್ಕೆ ಇಬ್ಬರನ್ನು ಸರದಿಯಲ್ಲಿ ಇಳಿಸಿದರೆ ವಾರದ ಅಭ್ಯಾಸದ ಸಮಯ ಹಂಚಿಹೋಗುತ್ತದೆ, ರಿಸೀವರ್‌ಗಳಿಗೆ ಎಸೆತದ ಲಯ ಕೂಡುವುದಿಲ್ಲ. ಇದನ್ನು ಸಲಹೆಯಾಗಿ ಮುಂದಿಡುವವರು ಯಾರಿಗೆ ಯಾವ ಕೆಲಸ ಎಂದು ಹೇಳುವವರೆಗೆ ಅದನ್ನು ಪೂರ್ಣ ಸಲಹೆಯೆಂದು ಪರಿಗಣಿಸಬೇಕಾಗಿಲ್ಲ.

ಕಾಲೇಜು ಆಟದಲ್ಲಿ ನಿಯಮಗಳೂ ಆಯ್ಕೆಯನ್ನು ನಿರ್ಧರಿಸುತ್ತವೆ. 2018ರಲ್ಲಿ ಬಂದ ರೆಡ್‌ಶರ್ಟ್ ನಿಯಮದ ಪ್ರಕಾರ ಆಟಗಾರನೊಬ್ಬ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ, ಕಾಲೇಜು ತಂಡದಲ್ಲಿ ಆಡಲು ಆತನಿಗಿರುವ ಸೀಮಿತ ವರ್ಷಗಳ ಅರ್ಹತೆಯಿಂದ ಕಳೆದುಹೋಗುವುದಿಲ್ಲ. 2021ರಿಂದ ವಿಶ್ವವಿದ್ಯಾಲಯ ಬದಲಿಸಿದವರು ಒಮ್ಮೆ ಒಂದು ವರ್ಷ ಕಾಯದೆಯೇ ಆಡುವ ಅವಕಾಶ ಪಡೆದರು, ಮುಂದೆ ಅದು ಇನ್ನಷ್ಟು ಸಡಿಲವಾಯಿತು. ಆದ್ದರಿಂದ ಒಬ್ಬನನ್ನು ಆರಿಸುವುದೆಂದರೆ ಇನ್ನೊಬ್ಬನನ್ನು ಕಳೆದುಕೊಳ್ಳುವ ಸಾಧ್ಯತೆಯನ್ನೂ ಒಪ್ಪಿಕೊಂಡಂತೆ. 2018ರ ವಸಂತದಲ್ಲಿ ಒಹಾಯೊ ಸ್ಟೇಟ್‌ನಲ್ಲಿ ಡ್ವೇನ್ ಹ್ಯಾಸ್ಕಿನ್ಸ್ ಮುಂದಾದಾಗ ಜೋ ಬರೋ ಲೂಸಿಯಾನಾ ಸ್ಟೇಟ್‌ಗೆ ಹೋದರು. ಹ್ಯಾಸ್ಕಿನ್ಸ್ ಆ ವರ್ಷ 50 ಟಚ್‌ಡೌನ್ ಎಸೆದರು. ಬರೋ 2019ರಲ್ಲಿ 60 ಎಸೆದು, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನೂ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದರು. ಇಬ್ಬರಲ್ಲಿ ಒಬ್ಬರನ್ನು ಆರಿಸಿದಾಗ ಇನ್ನೊಬ್ಬರು ಅಸಮರ್ಥರೆಂದು ಅರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಈ ಆಟಗಾರರು ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತಮೂರರೊಳಗಿನ ವಿದ್ಯಾರ್ಥಿಗಳು. ಎಸೆತದ ಬಗ್ಗೆ, ನಿರ್ಧಾರದ ಬಗ್ಗೆ, ಆಯ್ಕೆಯ ಬಗ್ಗೆ ಎಷ್ಟು ಕಟುವಾಗಿ ಬೇಕಾದರೂ ವಾದಿಸಿ. ಅವರ ಸ್ವಭಾವ, ಕುಟುಂಬ, ಖಾಸಗಿ ಬದುಕಿನ ಬಗ್ಗೆ ಬೇಡ, ಅವರಿಗೆ ನೇರವಾಗಿ ಬೈಗುಳದ ಸಂದೇಶ ಕಳಿಸುವುದಂತೂ ಬೇಡವೇ ಬೇಡ. 2018ರ ಜನವರಿಯ ಫೈನಲ್‌ನಲ್ಲಿ ಎಲ್ಲರ ಮುಂದೆ ಸ್ಥಾನ ಕಳೆದುಕೊಂಡ ಹರ್ಟ್ಸ್ ತಂಡದಲ್ಲೇ ಉಳಿದು, ಅದೇ ವರ್ಷದ ಡಿಸೆಂಬರ್ 1ರಂದು ಗಾಯಗೊಂಡ ಟುವಾ ಬದಲಿಗೆ ಇಳಿದು ಅದೇ ಜಾರ್ಜಿಯಾ ವಿರುದ್ಧ 35–28ರಿಂದ ತಂಡವನ್ನು ಗೆಲ್ಲಿಸಿದರು. ಜನವರಿಯಲ್ಲಿ ಅವರ ಕಥೆ ಮುಗಿಯಿತೆಂದು ಬರೆದವರು ಆ ದಿನ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು.

ಕೊನೆಯದಾಗಿ, ಶನಿವಾರದ ಪಂದ್ಯಕ್ಕೆ ಮುಂಚೆ ನಿಮ್ಮ ಆಯ್ಕೆಯನ್ನೂ ಅದಕ್ಕೆ ಕಾರಣವನ್ನೂ ಕಾಗದದಲ್ಲಿ ಬರೆದಿಡಿ; ಯಾವುದು ಕಂಡರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಎಂಬುದನ್ನೂ ಸೇರಿಸಿ. ಹಾಗೆ ಬರೆಯುವಾಗ ಮೂರನೆಯ ಹೆಸರನ್ನೂ ಮರೆಯಬೇಡಿ. 2018ರ ಸೆಪ್ಟೆಂಬರ್‌ನಲ್ಲಿ ಕ್ಲೆಮ್ಸನ್ ಅಭಿಮಾನಿಗಳೆಲ್ಲ ಕೆಲ್ಲಿ ಬ್ರಯಂಟ್ ಮತ್ತು ಹೊಸಬ ಟ್ರೆವರ್ ಲಾರೆನ್ಸ್ ನಡುವೆ ವಾದಿಸುತ್ತಿದ್ದರು. ನಾಲ್ಕು ಪಂದ್ಯಗಳ ನಂತರ ಲಾರೆನ್ಸ್‌ಗೆ ಸ್ಥಾನ ಸಿಕ್ಕಿತು, ಬ್ರಯಂಟ್ ತಂಡ ಬಿಟ್ಟರು. ಅದರ ಮುಂದಿನ ಪಂದ್ಯದಲ್ಲಿಯೇ, ಸಿರಕ್ಯೂಸ್ ವಿರುದ್ಧ, ಲಾರೆನ್ಸ್ ಗಾಯಗೊಂಡು ಹೊರನಡೆದರು. ಆಗ ತಂಡದ ಕೈಯಲ್ಲಿ ಉಳಿದಿದ್ದವರು ಚೇಸ್ ಬ್ರೈಸ್. ಅವರು ಕೊನೆಯ ನಿಮಿಷಗಳಲ್ಲಿ, ನಾಲ್ಕನೇ ಯತ್ನದಲ್ಲಿ ಆರು ಗಜ ಬೇಕಿದ್ದಾಗ ಟೀ ಹಿಗ್ಗಿನ್ಸ್‌ಗೆ 20 ಗಜದ ಎಸೆತ ಮುಟ್ಟಿಸಿ, ತಂಡವನ್ನು 94 ಗಜ ನಡೆಸಿ 27–23ರ ಗೆಲುವಿಗೆ ತಂದರು. ಆ ವರ್ಷ ಕ್ಲೆಮ್ಸನ್ ಒಂದೂ ಸೋಲಿಲ್ಲದೆ 15–0ಯಿಂದ ಚಾಂಪಿಯನ್ ಆಯಿತು.