ಶೀಟಿನ ಕೊಟ್ಟಿಗೆಯಲ್ಲಿ ಸೀಮೆಹಸು: ಸೆಕೆ ಇಳಿಸುವುದು ಹೇಗೆ?

ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಕೊಟ್ಟಿಗೆಗೆ ಹೋಗಿ, ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ. ತಲೆ ಮೇಲೆ ಕೆಂಡ ಇಟ್ಟ ಹಾಗಾದರೆ, ಅಲ್ಲೇ ಕಟ್ಟಿರುವ ಹಸುವಿಗೆ ದಿನವಿಡೀ ಅದೇ ಗತಿ. ನಾವಾದರೆ ಹೊರಗೆ ಬಂದು ಹುಣಸೆಮರದ ಕೆಳಗೆ ಕೂರುತ್ತೇವೆ. ಅದು ಹಗ್ಗ ಬಿಡಿಸಿಕೊಂಡು ಎಲ್ಲಿಗೆ ಹೋದೀತು?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾಲಿಗೆಂದು ಸಾಕುವುದು ಹೆಚ್ಚಾಗಿ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್ ಮಿಶ್ರತಳಿ. ಎಚ್‌ಎಫ್ ತಳಿಯ ತವರು ಚಳಿ ದೇಶ. 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ತಂಪಿನ ಊರು ಅನ್ನಿಸಿಕೊಂಡ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಮುಟ್ಟಿತು. ಬಿಸಿಲು ಹೀಗೆ ಏರುತ್ತಿರುವಾಗಲೇ ನಾವು ಕೊಟ್ಟಿಗೆಯ ನಾಡಹೆಂಚು ಇಳಿಸಿ ಶೀಟು ಹಾಕಿದ್ದೇವೆ.

ಮೊದಲು ಉಸಿರು ಎಣಿಸಿ. ಹಸುವಿನ ಪಕ್ಕೆ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಅರ್ಧ ನಿಮಿಷ ನೋಡಿ, ದುಪ್ಪಟ್ಟು ಮಾಡಿ. ನಿಮಿಷಕ್ಕೆ 60 ದಾಟಿದ್ದರೆ ಸೆಕೆ ತಾಗಿದೆ. 80 ದಾಟಿದ್ದರೆ ಅಪಾಯ, ಅವತ್ತೇ ಏನಾದರೂ ಮಾಡಬೇಕು. ಹಾಲು ಕಡಿಮೆಯಾಗಲಿ, ಆಮೇಲೆ ನೋಡೋಣ ಎನ್ನಬೇಡಿ. ಇವತ್ತಿನ ಸೆಕೆಯ ಪೆಟ್ಟು ಡೇರಿ ಕ್ಯಾನಿನಲ್ಲಿ ಕಾಣುವುದು ಒಂದೆರಡು ದಿನ ಬಿಟ್ಟು. ಬೆದೆಯೂ ಸರಿಯಾಗಿ ಕಾಣದು. ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ಎಷ್ಟೋ ಸಲ ಗಬ್ಬ ನಿಲ್ಲುವುದಿಲ್ಲ.

ಆಮೇಲೆ ಚಾವಣಿ. ನೀರಿನಲ್ಲಿ ಕಲಸಿದ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಶೀಟಿನ ಮೇಲೆ ಎರಡು ಕೋಟ್ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ಫೆಬ್ರವರಿಯಲ್ಲೇ ಬಳಿದರೆ ಒಳ್ಳೆಯದು. ಮಳೆಗೆ ತೊಳೆದು ಹೋಗುವುದರಿಂದ ವರ್ಷವರ್ಷವೂ ಮಾಡಬೇಕು. ತೆಂಗಿನ ಗರಿ ಹೊದಿಸಬಹುದು, ಆದರೆ ಕರೆಂಟ್ ವೈರು, ಒಲೆಯ ಕಿಡಿ ಹತ್ತಿರ ಇರಬಾರದು. ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ, ಒಡೆದು ಕೆಳಗೆ ಬೀಳುತ್ತೀರಿ. ಹಲಗೆ ಹಾಕಿಕೊಂಡೇ ಹತ್ತಿ.

ಈಗ ಗಾಳಿ ಮತ್ತು ನೀರು. ಜಾಸ್ತಿ ಜನ ಎಡವುವುದು ಇಲ್ಲಿಯೇ. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಈ ತಪ್ಪಾಯಿತು. ಬಿಸಿಗಾಳಿ ಬರದಿರಲಿ ಎಂದು ಕೊಟ್ಟಿಗೆಯ ಎರಡೂ ಬದಿಗೆ ಟಾರ್ಪಾಲ್ ಕಟ್ಟಿ, ಒಳಗೆ ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಹಾಕಿದೆವು. ಮಂಜು ಕವಿದ ಹಾಗಿತ್ತು, ನಮಗೆ ಖುಷಿಯೋ ಖುಷಿ. ಸಂಜೆ ಹೊತ್ತಿಗೆ ಹಸು ನಾಲಗೆ ಹೊರಗೆ ಹಾಕಿ, ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿತ್ತು.

ಕಾರಣ ಸರಳ. ಮೈಮೇಲಿನ ನೀರು ಆರಿದರೆ ಮಾತ್ರ ತಂಪು. ಮಳೆಗಾಲದಲ್ಲಿ ಒಳಗೆ ಹಾಕಿದ ಬಟ್ಟೆ ಆರುವುದಿಲ್ಲ ಅಲ್ವಾ? ಗಾಳಿಯಲ್ಲೇ ತೇವ ತುಂಬಿದ್ದರೆ ಹಸುವಿನ ಬೆವರೂ ಆರದು, ಉಸಿರಿನ ಜೊತೆ ಬಿಸಿಯೂ ಸರಿಯಾಗಿ ಹೊರಗೆ ಹೋಗದು. ಆದ್ದರಿಂದ ಮೊದಲು ಬದಿಗಳನ್ನು ಬಿಚ್ಚಿ. ಗೋಡೆ ಎತ್ತರವಿದ್ದರೆ ಮೇಲಿನ ಭಾಗ ಒಡೆಸಿ. ಆ ಖರ್ಚು ದಂಡವಾಗುವುದಿಲ್ಲ. ಆಮೇಲೆ ಬೆನ್ನಿಗೆ ಗಾಳಿ ಬೀಳುವಂತೆ ಫ್ಯಾನ್ ಹಾಕಿ. ಅದಾದ ಮೇಲೆ ನೀರು: ಒಂದೆರಡು ನಿಮಿಷ ಪೈಪಿನಿಂದ ಚರ್ಮ ನೆನೆಯುವ ಹಾಗೆ ಬಿಡಿ. ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಫ್ಯಾನ್ ಓಡಲಿ. ಮತ್ತೆ ನೆನೆಸಿ. ಕೆಚ್ಚಲಿಗೆ ನೀರು ಇಳಿಯದಂತೆ ನೋಡಿಕೊಳ್ಳಿ, ನೆಲ ಕೆಸರಾಗಲು ಬಿಡಬೇಡಿ. ಕೆಚ್ಚಲುಬಾವಿಗೆ ಅದೇ ದಾರಿ. ಮಂಗಳೂರು, ಉಡುಪಿಯಂಥ ತೇವದ ಊರುಗಳಲ್ಲಿ ನೀರಿಗಿಂತ ಫ್ಯಾನಿಗೇ ಮೊದಲು ದುಡ್ಡು ಹಾಕಿ.

ಕುಡಿಯುವ ನೀರು ಸದಾ ಎದುರಿಗಿರಲಿ. ಹೆಚ್ಚು ಹಾಲು ಕೊಡುವ ಹಸು ಸೆಕೆಯಲ್ಲಿ ದಿನಕ್ಕೆ 100 ಲೀಟರ್‌ಗಿಂತ ಜಾಸ್ತಿ ಕುಡಿಯಬಲ್ಲದು. ಎರಡು ಹೊತ್ತು ಬಕೆಟ್ ತೋರಿಸಿದರೆ ಸಾಲದು. ತೊಟ್ಟಿ ನೆರಳಿನಲ್ಲಿರಬೇಕು.

ಮೇವಿನ ಹೊತ್ತನ್ನೂ ಬದಲಾಯಿಸಿ. ಹುಲ್ಲು ಹೊಟ್ಟೆಯೊಳಗೆ ಹುದುಗುವಾಗ ಬಿಸಿ ಹುಟ್ಟುತ್ತದೆ. ಅದು ಏರುವುದು ತಿಂದ ಕೆಲವು ಗಂಟೆಯ ನಂತರ. ಹತ್ತು ಗಂಟೆಗೆ ಒಣಹುಲ್ಲು ಹಾಕಿದರೆ ನಡುಮಧ್ಯಾಹ್ನಕ್ಕೆ ಒಳಗೂ ಉರಿ, ಹೊರಗೂ ಉರಿ. ಬೆಳಕು ಹರಿಯುವ ಮೊದಲು ಒಂದು ಪಾಲು, ಹೊತ್ತು ಮುಳುಗಿದ ಮೇಲೆ ದೊಡ್ಡ ಪಾಲು ಕೊಡಿ. ಹಗಲಿಗೆ ಹಸಿಮೇವು ಸಾಕು. ಖನಿಜ ಮಿಶ್ರಣ, ಉಪ್ಪು ತಪ್ಪಿಸಬೇಡಿ.

ರಾತ್ರಿ ಹಸುವನ್ನು ಬಯಲಿನಲ್ಲಿ ಕಟ್ಟಿ, ಸಾಧ್ಯವಾದರೆ ಬೇಲಿಯೊಳಗೆ ಬಿಡಿ. ಹಗಲಿನ ಬಿಸಿಯನ್ನು ಅದು ಹೊರಹಾಕುವುದು ರಾತ್ರಿಯ ತಂಪಿನಲ್ಲಿ. ಈಚೆಗೆ ರಾತ್ರಿಗಳೂ ಬೆಚ್ಚಗಾಗುತ್ತಿವೆ. ಶೀಟಿನ ಕೆಳಗೇ ಬಿಟ್ಟರೆ ನಿನ್ನೆಯ ಬಿಸಿಯನ್ನು ಹೊತ್ತುಕೊಂಡೇ ನಾಳೆಯ ಬಿಸಿಲಿಗೆ ನಿಲ್ಲಬೇಕಾಗುತ್ತದೆ.

ಇಷ್ಟಾದರೂ ಹಸು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ತೂರಾಡುತ್ತಿದ್ದರೆ, ತಡ ಮಾಡಬೇಡಿ. ನೆರಳಿಗೆ ತಂದು ತಲೆಯಿಂದ ಬೆನ್ನಿನವರೆಗೆ ತಣ್ಣೀರು ಸುರಿಯುತ್ತಲೇ ಇರಿ, ಗಾಳಿ ಹಾಕಿ. ಬಾಯಿಗೆ ಒತ್ತಾಯದಿಂದ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಜೊತೆಯಲ್ಲೇ ಇನ್ನೊಬ್ಬರು 1962ಕ್ಕೆ ಫೋನ್ ಮಾಡಲಿ. ಅದು ಪಶು ಆಂಬುಲೆನ್ಸಿನ ನಂಬರು. ಡಾಕ್ಟರು ಬರುವವರೆಗೂ ನೀರು ನಿಲ್ಲಿಸಬೇಡಿ.