'ರನ್' ಪದಕ್ಕೆ ಕನ್ನಡ ಹುಡುಕೋದು ಬಿಟ್ಟೆ, ಕೆಲಸ ಸಲೀಸಾಯ್ತು

ಗ್ಲಾಸರಿಯಿಂದ, ಅಂದ್ರೆ ಯಾವ ಇಂಗ್ಲಿಷ್ ಪದಕ್ಕೆ ಯಾವ ಕನ್ನಡ ಪದ ಅಂತ ಅನುವಾದ ಮಾಡೋರು ಇಟ್ಕೊಳ್ಳೋ ಪಟ್ಟಿಯಿಂದ, 'ರನ್' ಅನ್ನೋ ಪದಾನೇ ಕಿತ್ತು ಹಾಕ್ತೀನಿ ಅಂದಾಗ ಜೊತೇಲಿ ಅನುವಾದ ಮಾಡೋರೆಲ್ಲ ನಕ್ಕಿದ್ರು. ಹಂಗಾದ್ರೆ ಫೈಲಿಂದ ಫೈಲಿಗೆ ಒಂದೊಂದು ಥರ ಬರುತ್ತಲ್ಲ ಮಾರಾಯ ಅಂತ ಒಬ್ರು ಫೋನ್ ಮಾಡಿ ಬೈದ್ರು ಕೂಡ. ಈಗ ಅವರೇ ಅದರ ಬದಲು ನಾನು ಮಾಡ್ಕೊಂಡ ಶೀಟ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದಲು ಕಳ್ಕೊಂಡಿದ್ದು ಹೇಳ್ಬಿಡ್ತೀನಿ. ಬ್ಯಾಂಕಿಂಗ್ ಬಗ್ಗೆ ಒಂದು ಫೈಲು, ಹನ್ನೊಂದು ಸಾವಿರ ಪದ ಇದ್ದಿರಬೇಕು. 'ರನ್ ಆನ್ ದ ಬ್ಯಾಂಕ್' ಅಂತ ಬಂತು, ರಾತ್ರಿ ಎರಡು ಗಂಟೆ, ಟ್ರಾನ್ಸ್‌ಲೇಷನ್ ಮೆಮೊರಿ (ಹಳೇ ಅನುವಾದಗಳನ್ನ ನೆನಪಿಟ್ಕೊಂಡು ಮತ್ತೆ ತಂದು ಕೊಡೋ ಸಾಫ್ಟ್‌ವೇರ್) ಯಾವುದೋ ಹಳೇ ಮ್ಯಾಚ್ ತಂದು ಕೂರಿಸ್ತು, ನಾನು ನಿದ್ದೆಗಣ್ಣಲ್ಲಿ ಎಂಟರ್ ಒತ್ತಿದೆ. 'ಬ್ಯಾಂಕಿನ ಮೇಲೆ ಓಟ'. ಠೇವಣಿ ಇಟ್ಟೋರೆಲ್ಲ ಹೆದರಿ ಒಟ್ಟಿಗೇ ದುಡ್ಡು ವಾಪಸ್ ತಗೊಳ್ಳೋಕೆ ಮುಗಿಬೀಳೋದು ಅದು, ನನ್ನ ಕನ್ನಡದಲ್ಲಿ ಯಾರೋ ಬ್ಯಾಂಕಿನ ತಾರಸಿ ಮೇಲೆ ಜಾಗಿಂಗ್ ಮಾಡ್ದಂಗಿತ್ತು. ಬಿಲ್ಲಲ್ಲಿ ಮೂರನೇ ಒಂದು ಭಾಗ ಕಟ್. ತಿಂಗಳಾಗಿರ್ಲಿಲ್ಲ, ಬಟ್ಟೆ ಒಗೆಯೋ ಸೂಚನೆ ಒಂದ್ರಲ್ಲಿ 'ಬಣ್ಣಗಳು ಓಡಬಹುದು' ಅಂತ ಹೋಯ್ತು. ಬಣ್ಣ ಬಿಡಬಹುದು, ಅಷ್ಟೇ ಕಣ್ರೀ. ಆ ಕ್ಲೈಂಟ್ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ.

ಆಮೇಲೆ ಅರ್ಥಗಳನ್ನೆಲ್ಲ ಪಟ್ಟಿ ಮಾಡೋ ಹುಚ್ಚು ಹತ್ತಿತು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೋರು ಕ್ರಿಯಾಪದ 'ರನ್' ಒಂದಕ್ಕೇ 645 ಅರ್ಥ ಲೆಕ್ಕ ಹಾಕಿದಾರೆ, ಅದನ್ನ ನೋಡ್ಕೊಂಡ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡೀತಂತೆ. ನಾನು ಅರವತ್ತರ ಹತ್ರ ಕೈ ಚೆಲ್ಲಿದೆ, ಎರಡು ವಾರ ದುಡಿಮೆ ಸೊನ್ನೆ.

ವರ್ಕ್ ಆಗಿದ್ದು ಇದು. ಸ್ಕ್ರೀನ್ ಮೇಲೆ 'ರನ್' ಪದಾನ ಬೆರಳಲ್ಲಿ ಮುಚ್ಚಿ, ಮಿಕ್ಕಿದ್ದನ್ನ ಕನ್ನಡದಲ್ಲಿ ಜೋರಾಗಿ ಓದಿ, ಖಾಲಿ ಜಾಗಕ್ಕೆ ಬಾಯಿಗೆ ತಾನಾಗೇ ಬಂದಿದ್ದನ್ನ ಬರೆಯೋದು. ಮೂಗು ಸೋರುತ್ತೆ, ನದಿ ಹರಿಯುತ್ತೆ, ಕಂಪನಿ ನಡೆಸ್ತಾರೆ, ಒಪ್ಪಂದ ಐದು ವರ್ಷ ಜಾರೀಲಿರುತ್ತೆ, ರಸ್ತೆ ನದಿ ಪಕ್ಕ ಹಾದುಹೋಗುತ್ತೆ, ಟೈಮ್ ಮುಗಿದೋಗುತ್ತೆ. ಸಿನಿಮಾ ಮಾತ್ರ ನೂರು ದಿನ ಓಡೇ ಓಡುತ್ತೆ, ಅಲ್ಲಿ ಬುದ್ಧಿವಂತಿಕೆ ತೋರಿಸೋಕೆ ಹೋಗಿ 'ಪ್ರದರ್ಶನ ಕಂಡಿತು' ಅಂತ ಬರೆದು ಬೈಸ್ಕೊಂಡಿದ್ದೂ ಇದೆ. ಪ್ರೋಗ್ರಾಂನ ರನ್ ಮಾಡ್ತೀವಿ, 'ಚಲಾಯಿಸಿ' ಅಂದ್ರೆ ನನಗಂತೂ ಸ್ಟೀರಿಂಗ್ ಹುಡುಕೋ ಹಂಗಾಗುತ್ತೆ.

ಚುನಾವಣೆ ಕೇಸು ಕೇಳಿ. ಅಮೆರಿಕದೋರು ಚುನಾವಣೆಗೆ 'ರನ್' ಆಗ್ತಾರೆ, ಬ್ರಿಟನ್ನೋರು 'ಸ್ಟ್ಯಾಂಡ್' ಆಗ್ತಾರೆ, ನಾವೂ ನಿಲ್ತೀವಿ. ಓಡು ಅನ್ನೋ ಕಡೆ ನಿಲ್ಲು ಅಂತ ಬರೆದಿದೀರಲ್ಲ ಸರ್, ಉಲ್ಟಾ ಆಯ್ತಲ್ಲ ಅಂತ ರಿವ್ಯೂ ಮಾಡೋರು ಕೆಂಪು ಗೆರೆ ಎಳೆದು ಕಳಿಸಿದ್ರು. ಮೂರು ಸಲ ವಾಪಸ್ ಕಳಿಸಿದೆ. ನಾಲ್ಕನೇ ಸಲ ಸುಮ್ಮನಾದ್ರು.

ಶೀಟಲ್ಲಿ ಈಗ 'ರನ್' ಪದಕ್ಕೆ ಕಾಲಮ್ಮೇ ಇಲ್ಲ, ಮೂಗು, ನದಿ, ಕಂಪನಿ ಥರ ಅದರ ಪಕ್ಕದ ಪದಗಳಿಗಷ್ಟೇ ಇದೆ. ಸಾವಿರದ ಇನ್ನೂರು ಚಿಲ್ಲರೆ ವಾಕ್ಯ ಹಾಕಿದೀನಿ, ನಲವತ್ತರ ಆಸುಪಾಸು ಕನ್ನಡ ಕ್ರಿಯಾಪದ ಸಾಕಾಯ್ತು. ಯಾವ ಪಕ್ಕದ ಪದ ಮೊದಲು ನೋಡಬೇಕು ಅನ್ನೋ ಆರ್ಡರ್ ಒಂದಿದೆ, ಅದು ಹೇಳಲ್ಲ, ಹೊಟ್ಟೆಪಾಡು. ಮುಂಚೆ ಹತ್ತು ಪುಟಕ್ಕೆ ಇಪ್ಪತ್ತು ಕರೆಕ್ಷನ್ ಬರ್ತಿತ್ತು, ಈಗ ಎರಡೋ ಮೂರೋ, ರೇಟೂ ಏರಿಸಿದೀನಿ, ಯಾರೂ ತಕರಾರು ಮಾಡಿಲ್ಲ.

ಸುಮ್ನೆ ತಮಾಷೆಗೆ ಉಲ್ಟಾನೂ ಮಾಡಿ ನೋಡಿದೆ, ನಮ್ಮ 'ಹೊಡಿ' ತಗೊಂಡು. ಗೊರಕೆ ಹೊಡಿ, ಹರಟೆ ಹೊಡಿ, ಬಣ್ಣ ಹೊಡಿ, ಕಣ್ಣು ಹೊಡಿ, ಕಾಪಿ ಹೊಡಿ, ಸೊಳ್ಳೆ ಹೊಡಿ. ಇಷ್ಟರಲ್ಲಿ ನಿಜವಾಗ್ಲೂ ಏಟು ಬೀಳೋದು ಸೊಳ್ಳೆಗೊಂದೇ. 'ಸೆಟ್' ಪದಕ್ಕೂ ಇದೇ ಟ್ರಿಕ್ ಹಾಕೋಣ ಅಂತ ಕೂತಿದ್ದೆ, ಅದು ನಾಮಪದವಾಗಿ ಬಂದಾಗೆಲ್ಲ ಬೆರಳಲ್ಲಿ ಮುಚ್ಚಿದ್ರೆ ವಾಕ್ಯದಲ್ಲಿ ಏನೂ ಉಳಿಯಲ್ಲ. ಆ ಶೀಟು ಮೂವತ್ತನೇ ಸಾಲಲ್ಲಿ ನಿಂತಿದೆ.