1954ರ ಅಮೆರಿಕನ್ ಕಾಮಿಕ್ಸ್ ಇತಿಹಾಸವನ್ನು ತಾರೀಕು ತಪ್ಪದೆ ಓದುವ ಬಗೆ

ಅಮೆರಿಕದ ಕಾಮಿಕ್ಸ್ ಇತಿಹಾಸವನ್ನು ಓದಲು ಹೊರಟವರಿಗೆ 1954 ಎಂಬ ಇಸವಿ ಮತ್ತೆ ಮತ್ತೆ ಎದುರಾಗುತ್ತದೆ. ಆ ವರ್ಷದ ಕಥೆಯನ್ನು ಸಾಮಾನ್ಯವಾಗಿ ಮೂರು ಮಾತಿನಲ್ಲಿ ಮುಗಿಸಲಾಗುತ್ತದೆ: ಒಬ್ಬ ಮನೋವೈದ್ಯ ಕಾಮಿಕ್ಸ್ ವಿರುದ್ಧ ಪುಸ್ತಕ ಬರೆದ, ಸೆನೆಟ್ ವಿಚಾರಣೆ ನಡೆಸಿತು, ಸರ್ಕಾರ ಹಾರರ್ ಕಾಮಿಕ್ಸ್ ನಿಷೇಧಿಸಿತು. ಮೊದಲ ಎರಡು ಮಾತು ನಿಜ, ಮೂರನೆಯದು ನಿಜವಲ್ಲ. ಇಂಥ ತಪ್ಪು ನುಸುಳುವುದು ಓದುವವರ ಅಜಾಗರೂಕತೆಯಿಂದ ಎನ್ನುವುದಕ್ಕಿಂತ, ಯಾವುದು ಮೊದಲು, ಯಾವುದು ನಂತರ, ಯಾರು ಮಾಡಿದ್ದು ಎಂಬುದನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳದೆ ಇರುವುದರಿಂದ ಎನ್ನಬೇಕು. ಹಾಗೆ ಇಟ್ಟುಕೊಳ್ಳಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಮಾಡಬೇಕಾದದ್ದು ಮುಖಪುಟದ ಮೇಲೆ ಅಚ್ಚಾದ ತಿಂಗಳನ್ನು ನಂಬದಿರುವುದು. ಅಮೆರಿಕದ ಕಾಮಿಕ್ ಪುಸ್ತಕಗಳ ಮುಖಪುಟದ ತಿಂಗಳು, ಅವು ಮಾರಾಟಕ್ಕೆ ಬಂದ ತಿಂಗಳಲ್ಲ. ಅಂಗಡಿಯವನು ಉಳಿದ ಪ್ರತಿಗಳನ್ನು ತೆಗೆದು ಹಿಂದಿರುಗಿಸಬೇಕಾದ ಹೊತ್ತನ್ನು ಅದು ಹೆಚ್ಚುಕಡಿಮೆ ಸೂಚಿಸುತ್ತಿತ್ತು, ಜೊತೆಗೆ ಪತ್ರಿಕೆ ಹೆಚ್ಚು ದಿನ ಹೊಸದಾಗಿ ಕಾಣುವಂತೆಯೂ ಮಾಡುತ್ತಿತ್ತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ನ ಒಂದನೇ ಸಂಚಿಕೆಯ ಮೇಲೆ ಜೂನ್ 1938 ಎಂದಿದ್ದರೂ ಅದು ಅಂಗಡಿಗೆ ಬಂದದ್ದು ಏಪ್ರಿಲ್‌ನಲ್ಲಿ. ‘ಫೆಂಟಾಸ್ಟಿಕ್ ಫೋರ್’ನ ಮೊದಲ ಸಂಚಿಕೆ ನವೆಂಬರ್ 1961ರ ಹೆಸರಿನಲ್ಲಿ ಆಗಸ್ಟ್‌ನಲ್ಲೇ ಮಾರಾಟವಾಗುತ್ತಿತ್ತು. ಅಂದರೆ ಎರಡು ಮೂರು ತಿಂಗಳ ಅಂತರ ಮಾಮೂಲು.

ಈ ಅಂತರ ಯಾವುದೋ ಸಂಗ್ರಹಕಾರನ ಚಿಲ್ಲರೆ ತಲೆನೋವು ಎಂದುಕೊಳ್ಳಬಾರದು. ಹಾರರ್ ಪತ್ರಿಕೆಗಳಿಗೆ ಹೆಸರಾಗಿದ್ದ ಇ.ಸಿ. ಕಾಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯ ‘ಪ್ಯಾನಿಕ್’ ಎಂಬ ಹಾಸ್ಯ ಪತ್ರಿಕೆಯ ಮೊದಲ ಸಂಚಿಕೆಯ ಮೇಲೆ ಫೆಬ್ರವರಿ-ಮಾರ್ಚ್ 1954 ಎಂದು ಅಚ್ಚಾಗಿದೆ. ಅದರಲ್ಲಿ ಬಿಲ್ ಎಲ್ಡರ್ ಬರೆದ ಚಿತ್ರಗಳೊಂದಿಗೆ ಪ್ರಸಿದ್ಧ ಕ್ರಿಸ್‌ಮಸ್ ಪದ್ಯವೊಂದರ ವಿಡಂಬನೆ ಇದೆ. ಸಾಂತಾಕ್ಲಾಸನ ಜಾರುಗಾಡಿಯ ಹಿಂದೆ ಈಗಷ್ಟೇ ವಿಚ್ಛೇದನವಾಯಿತು ಎಂಬ ಫಲಕ ತೂಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದರ ಮಾರಾಟಕ್ಕೆ ತಡೆ ಬಂತು. ಆದರೆ ಸಂಚಿಕೆ ಹೊರಬಂದದ್ದೂ ಗದ್ದಲ ಎದ್ದದ್ದೂ ಡಿಸೆಂಬರ್ 1953ರಲ್ಲಿ, ಕ್ರಿಸ್‌ಮಸ್‌ನ ಹೊತ್ತಿಗೆ ಸರಿಯಾಗಿ. ಮುಖಪುಟವನ್ನು ನಂಬಿ ನಾನೂ ಹಲವು ಕಾಲ ಇದನ್ನು ಸೆನೆಟ್ ವಿಚಾರಣೆಯ ಕಾವಿನೊಳಗೆ ಇಟ್ಟು ಓದುತ್ತಿದ್ದೆ. ಸರಿಯಾದ ಜಾಗದಲ್ಲಿ ಇಟ್ಟಾಗ ತಿಳಿಯುವುದೇನೆಂದರೆ, ವಿಚಾರಣೆ ಆರಂಭವಾಗುವ ನಾಲ್ಕು ತಿಂಗಳ ಮೊದಲೇ ಈ ಸಂಸ್ಥೆಗೆ ಕೆಟ್ಟ ಹೆಸರು ಬಂದಾಗಿತ್ತು.

ನಿಜವಾದ ದಿನಾಂಕವನ್ನು ಹುಡುಕಲು ಹಲವು ದಾರಿಗಳಿವೆ. ಪ್ರತಿಯೇ ಕೈಯಲ್ಲಿದ್ದರೆ ಮುಖಪುಟದ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕಟ್ಟು ಬಂದ ದಿನವನ್ನು ಪೆನ್ಸಿಲಿನಲ್ಲಿ ಗೀಚುವ ಇಲ್ಲವೆ ರಬ್ಬರ್ ಮೊಹರು ಒತ್ತುವ ಅಭ್ಯಾಸ ಕೆಲವು ಅಂಗಡಿಯವರಿಗೆ ಇತ್ತು, ಆ ಮಾಸಿದ ಗೀಚಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಅಪರೂಪ. ಪ್ರತಿ ಇಲ್ಲದವರು ಅಮೆರಿಕದ ಕಾಪಿರೈಟ್ ಕಚೇರಿ ಪ್ರಕಟಿಸುತ್ತಿದ್ದ ನೋಂದಣಿ ಪಟ್ಟಿಗಳ ನಿಯತಕಾಲಿಕ ವಿಭಾಗವನ್ನು ನೋಡಬಹುದು. ಪ್ರಕಾಶಕರು ನೋಂದಾಯಿಸಿದ್ದರೆ ಸಂಚಿಕೆಯ ಪ್ರಕಟಣೆಯ ದಿನ ಅಲ್ಲಿರುತ್ತದೆ. ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಎಂಬ ಜಾಲತಾಣವು ಮುಖಪುಟದ ತಿಂಗಳನ್ನೂ, ತಿಳಿದಿರುವ ಕಡೆ ಮಾರಾಟದ ದಿನವನ್ನೂ ಪ್ರತ್ಯೇಕವಾಗಿ ಕೊಡುತ್ತದೆ. ನಿಮ್ಮ ಟಿಪ್ಪಣಿಯಲ್ಲೂ ಇವೆರಡಕ್ಕೆ ಎರಡು ಅಂಕಣಗಳಿರಲಿ.

ಸಂಚಿಕೆಯ ಸಂಖ್ಯೆಯೂ ಇಷ್ಟೇ ಮೋಸಗಾರ. ಇ.ಸಿ.ಯ ಹಾರರ್ ಪತ್ರಿಕೆ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ 46ನೇ ಸಂಚಿಕೆಯೊಂದಿಗೆ ನಿಂತಿತು ಎಂದ ಮಾತ್ರಕ್ಕೆ ಆ ಹೆಸರಿನಲ್ಲಿ 46 ಸಂಚಿಕೆಗಳು ಬಂದವು ಎಂದರ್ಥವಲ್ಲ. ಹೊಸ ಪತ್ರಿಕೆಗೆ ಅಂಚೆಯ ರಿಯಾಯಿತಿ ದರದ ಪರವಾನಗಿ ಪಡೆಯಲು ಮತ್ತೆ ಶುಲ್ಕ ಕಟ್ಟಬೇಕಾಗಿದ್ದುದರಿಂದ ಪ್ರಕಾಶಕರು ಹಳೆಯ ಪತ್ರಿಕೆಯ ಹೆಸರನ್ನಷ್ಟೇ ಬದಲಿಸಿ ಸಂಖ್ಯೆಯನ್ನು ಮುಂದುವರಿಸುತ್ತಿದ್ದರು. ‘ಕ್ರೈಮ್ ಪಟ್ರೋಲ್’ ಎಂಬ ಪತ್ರಿಕೆ 17ನೇ ಸಂಚಿಕೆಯಿಂದ ‘ದಿ ಕ್ರಿಪ್ಟ್ ಆಫ್ ಟೆರರ್’ ಆಯಿತು, 20ರಿಂದ ಈ ಹೆಸರು ಪಡೆಯಿತು. ಆದ್ದರಿಂದ ಈ ಹೆಸರಿನಲ್ಲಿ ಬಂದವು 27 ಮಾತ್ರ.

ಇಷ್ಟಾದ ಮೇಲೆ ಘಟನೆಗಳ ಸರಪಳಿಯನ್ನು ಬರೆದುಕೊಳ್ಳಿ. ಸರಪಳಿ 1954ರಿಂದ ಆರಂಭವಾಗಕೂಡದು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1948ರಿಂದಲೇ ಕಾಮಿಕ್ಸ್ ವಿರುದ್ಧ ಮಾತನಾಡುತ್ತಿದ್ದರು. ಅದೇ ವರ್ಷ ಪ್ರಕಾಶಕರ ಸಂಘವೊಂದು ರೂಪಿಸಿದ ಮೊದಲ ನಿಯಮಾವಳಿ ಹೆಸರಿಗಷ್ಟೇ ಉಳಿಯಿತು. ವರ್ಥಮ್ ಅವರ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಪುಸ್ತಕದ ಭಾಗವೊಂದು 1953ರ ಕೊನೆಯಲ್ಲಿ ಮಹಿಳಾ ಮಾಸಪತ್ರಿಕೆಯಲ್ಲಿ ಬಂತು, ಪುಸ್ತಕ 1954ರ ಏಪ್ರಿಲ್‌ನಲ್ಲಿ ಹೊರಬಂತು. ಬಾಲಾಪರಾಧ ಕುರಿತ ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ಏಪ್ರಿಲ್ 21, 22 ಮತ್ತು ಜೂನ್ 4ರಂದು ವಿಚಾರಣೆ ನಡೆಸಿತು. ಸೆಪ್ಟೆಂಬರ್‌ನಲ್ಲಿ ಪ್ರಕಾಶಕರು ಹೊಸ ಸಂಘ ಕಟ್ಟಿದರು; ಅದೇ ತಿಂಗಳು ಇ.ಸಿ.ಯ ಮಾಲೀಕ ವಿಲಿಯಂ ಗೇನ್ಸ್ ತಮ್ಮ ಹಾರರ್ ಪತ್ರಿಕೆಗಳನ್ನು ನಿಲ್ಲಿಸುವುದಾಗಿ ಸಾರಿದರು. ಅಕ್ಟೋಬರ್ 26ರಂದು ಆ ಸಂಘದ ನಿಯಮಾವಳಿಯಾದ ಕಾಮಿಕ್ಸ್ ಕೋಡ್ ಅಂಗೀಕಾರವಾಯಿತು. ಅದರ ಒಪ್ಪಿಗೆಯ ಮೊಹರು ಮುಖಪುಟಗಳಲ್ಲಿ ಕಾಣಿಸುವುದು 1955ರ ತಾರೀಕಿನ ಸಂಚಿಕೆಗಳಲ್ಲಿ. ಪತ್ರಿಕೆ ನಿಲ್ಲಿಸುವ ಘೋಷಣೆ ಕೋಡ್‌ಗಿಂತ ಮೊದಲು ಬಂದದ್ದನ್ನು ಗಮನಿಸಿ. ಕೋಡ್ ಬಂದದ್ದರಿಂದ ಗೇನ್ಸ್ ಪತ್ರಿಕೆ ನಿಲ್ಲಿಸಿದರು ಎಂಬ ಸಲೀಸಾದ ವಾಕ್ಯ ಇಲ್ಲಿಯೇ ಮುರಿದು ಬೀಳುತ್ತದೆ.

ಮುಂದಿನ ಹೆಜ್ಜೆ ವಿಚಾರಣೆಯ ನಡಾವಳಿಯನ್ನು ನೇರವಾಗಿ ಓದುವುದು. ಅದು ಸಾರ್ವಜನಿಕ ದಾಖಲೆ, ಮತ್ತು ಅದರ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಿಗಿಂತ ಓದಲು ಸೊಗಸಾಗಿದೆ. ಏಪ್ರಿಲ್ 21ರಂದು ವರ್ಥಮ್ ಅವರ ನಂತರ ತಾವಾಗಿಯೇ ಬಂದು ಸಾಕ್ಷ್ಯ ನುಡಿದ ಗೇನ್ಸ್ ಅವರ ಮುಂದೆ ಸೆನೆಟರ್ ಎಸ್ಟೆಸ್ ಕೆಫಾವರ್ ಒಂದು ಮುಖಪುಟವನ್ನು ಹಿಡಿಯುತ್ತಾರೆ. ಕೊಡಲಿ ಹಿಡಿದವನೊಬ್ಬ ಹೆಂಗಸಿನ ಕತ್ತರಿಸಿದ ತಲೆಯನ್ನು ಕೂದಲು ಹಿಡಿದು ಎತ್ತಿದ್ದಾನೆ. ಇದು ಸದಭಿರುಚಿಯೇ ಎಂದು ಸೆನೆಟರ್ ಕೇಳಿದರೆ, ಹಾರರ್ ಕಾಮಿಕ್ಸಿನ ಮುಖಪುಟಕ್ಕೆ ಹೌದು ಎಂದು ಗೇನ್ಸ್ ಉತ್ತರಿಸುತ್ತಾರೆ. ಅಷ್ಟಕ್ಕೇ ಬಿಡದೆ, ತಲೆಯನ್ನು ಇನ್ನೂ ಮೇಲೆತ್ತಿ ರಕ್ತ ತೊಟ್ಟಿಕ್ಕುವುದು ಕಾಣುವಂತೆ ಬರೆದಿದ್ದರೆ ಅದು ಕೆಟ್ಟ ಅಭಿರುಚಿಯಾಗುತ್ತಿತ್ತು ಎಂದು ವಿವರಿಸಲು ಹೋಗುತ್ತಾರೆ. ಬಾಯಿಂದ ರಕ್ತ ಬರುತ್ತಿದೆಯಲ್ಲ ಎಂದಾಗ, ಸ್ವಲ್ಪ ಎಂದು ಒಪ್ಪಿಕೊಳ್ಳುತ್ತಾರೆ. ಆ ವಿವರಣೆ ಬೇಕಿರಲಿಲ್ಲ ಎಂದು ಇಂದು ಯಾರಿಗಾದರೂ ಅನ್ನಿಸುತ್ತದೆ. ನನಗೆ ಅದಕ್ಕಿಂತ ರುಚಿಸುವುದು ಸೆನೆಟರ್ ಆ ಪ್ರತಿಯನ್ನು ಹೆಸರಿಸುವ ರೀತಿ. ಅದು ಜಾನಿ ಕ್ರೇಗ್ ಮುಖಪುಟ ಬರೆದ ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ನ 22ನೇ ಸಂಚಿಕೆ, ಏಪ್ರಿಲ್-ಮೇ 1954ರದ್ದು. ನಡಾವಳಿಯಲ್ಲಿ ಅದು ಮೇ 22ರ ಸಂಚಿಕೆ ಎಂದು ದಾಖಲಾಗಿದೆ. ವಿಚಾರಣೆ ನಡೆಯುತ್ತಿದ್ದದ್ದು ಏಪ್ರಿಲ್‌ನಲ್ಲಿ! ಮುಖಪುಟದ ತಿಂಗಳು ಮತ್ತು ಸಂಖ್ಯೆ ಸೇರಿಕೊಂಡು ವಿಚಾರಣೆಯ ಕೋಣೆಯಲ್ಲೇ ಎಡವಿಸಿದ ಮೇಲೆ ನಮ್ಮ ಪಾಡೇನು?

ನಂತರ ಪ್ರತಿ ಘಟನೆಯ ಮುಂದೆ ಅದರ ಕರ್ತೃವನ್ನು ಬರೆಯಿರಿ. ಸೆನೆಟ್ ಉಪಸಮಿತಿ ಕಾಮಿಕ್ಸ್ ನಿಷೇಧಿಸುವ ಯಾವ ಕಾನೂನನ್ನೂ ತರಲಿಲ್ಲ. ಉದ್ಯಮವೇ ತನ್ನನ್ನು ತಿದ್ದಿಕೊಳ್ಳಬೇಕೆಂದಿತು. ಕೋಡ್ ರಚಿಸಿದ್ದು ಪ್ರಕಾಶಕರ ಸಂಘ, ಅದರ ಆಡಳಿತಕ್ಕೆ ನೇಮಕವಾದವರು ನ್ಯೂಯಾರ್ಕಿನ ಮ್ಯಾಜಿಸ್ಟ್ರೇಟ್ ಚಾರ್ಲ್ಸ್ ಮರ್ಫಿ. ಅದಕ್ಕೆ ಹಲ್ಲು ಬಂದದ್ದು ವಿತರಕರಿಂದ: ಮೊಹರಿಲ್ಲದ ಪತ್ರಿಕೆಯನ್ನು ಅವರು ಮುಟ್ಟದಿದ್ದರೆ ಪ್ರಕಾಶಕನಿಗೆ ಅಂಗಡಿಯೇ ಸಿಗದು. ದೊಡ್ಡ ಪ್ರಕಾಶಕರಾದ ಡೆಲ್ ಸಂಸ್ಥೆಯವರು ಮಕ್ಕಳ ಪತ್ರಿಕೆಗಳ ಬಲದ ಮೇಲೆ ಮೊಹರಿಲ್ಲದೆಯೇ ನಡೆದರು. ಕೋಡ್‌ನ ಪಠ್ಯವನ್ನೂ ತಪ್ಪದೆ ಓದಿ. ಶೀರ್ಷಿಕೆಯಲ್ಲಿ ಹಾರರ್, ಟೆರರ್ ಎಂಬ ಪದಗಳು ಕೂಡದು, ಕ್ರೈಮ್ ಎಂಬ ಪದ ಉಳಿದ ಪದಗಳಿಗಿಂತ ದೊಡ್ಡದಾಗಿ ಕಾಣಕೂಡದು, ರಕ್ತಪಿಶಾಚಿಗಳು, ನಡೆದಾಡುವ ಹೆಣಗಳು ಕೂಡದು ಎಂಬ ನಿಯಮಗಳ ಪಕ್ಕದಲ್ಲಿ ಇ.ಸಿ.ಯ ಪತ್ರಿಕೆಗಳ ಹೆಸರುಗಳನ್ನು ಇಟ್ಟು ನೋಡಿದರೆ, ಪ್ರತಿಸ್ಪರ್ಧಿಗಳು ಯಾರನ್ನು ನೆನೆಯುತ್ತ ಇವನ್ನು ಬರೆದರು ಎಂಬ ಅನುಮಾನ ಬಾರದಿರದು.

ವರ್ಥಮ್ ಅವರನ್ನು ಕಥೆಯ ಖಳನಾಯಕನನ್ನಾಗಿ ಮಾಡಿ ಮುಗಿಸುವ ಅವಸರವೂ ಬೇಡ. ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ಕಡಿಮೆ ಖರ್ಚಿನ ಮನೋವೈದ್ಯಕೀಯ ಚಿಕಿತ್ಸಾಲಯ ನಡೆಸಿದವರು ಅವರೇ. ಹಾಗೆಂದು ಅವರ ಪುಸ್ತಕದ ಸಾಕ್ಷ್ಯವನ್ನು ಹಾಗೆಯೇ ಒಪ್ಪುವಂತೆಯೂ ಇಲ್ಲ: ಅವರ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದ ಬಳಿಕ ಕ್ಯಾರಲ್ ಟಿಲ್ಲಿ ಅವನ್ನು ಪುಸ್ತಕದೊಂದಿಗೆ ಹೋಲಿಸಿ, ಮಕ್ಕಳ ಮಾತುಗಳನ್ನು ವರ್ಥಮ್ ತಿರುಚಿದ್ದನ್ನೂ ಬೇರೆ ಬೇರೆ ಮಕ್ಕಳ ವಿವರಗಳನ್ನು ಒಬ್ಬರದೇ ಎಂಬಂತೆ ಬೆರೆಸಿದ್ದನ್ನೂ ತೋರಿಸಿದರು.

ಕೊನೆಯದಾಗಿ, 1954ರ ಎರಡೂ ದಡಗಳಲ್ಲಿ, ಅಂದರೆ ಅದಕ್ಕೆ ಮೊದಲೂ ನಂತರವೂ ಅಚ್ಚಾದ ಒಂದೇ ಕಥೆಯನ್ನು ಆರಿಸಿಕೊಳ್ಳಿ. ಇ.ಸಿ.ಯ ಸಂಪಾದಕ ಅಲ್ ಫೆಲ್ಡ್‌ಸ್ಟೈನ್ ಬರೆದು ಜೋ ಒರ್ಲ್ಯಾಂಡೊ ಚಿತ್ರಿಸಿದ ‘ಜಡ್ಜ್‌ಮೆಂಟ್ ಡೇ’ ಇದಕ್ಕೆ ಹೇಳಿ ಮಾಡಿಸಿದಂತಿದೆ. ಭೂಮಿಯ ಪ್ರತಿನಿಧಿಯೊಬ್ಬ ಯಂತ್ರಮಾನವರ ಗ್ರಹಕ್ಕೆ ಬಂದು, ಅಲ್ಲಿ ಕಿತ್ತಳೆ ಬಣ್ಣದವರು ನೀಲಿ ಬಣ್ಣದವರನ್ನು ಕೀಳಾಗಿ ಕಾಣುವುದನ್ನು ಕಂಡು, ನಿಮಗಿನ್ನೂ ನಮ್ಮ ಗಣರಾಜ್ಯ ಸೇರುವ ಕಾಲ ಬಂದಿಲ್ಲ ಎಂದು ಹಿಂದಿರುಗುತ್ತಾನೆ. ಕೊನೆಯ ಚೌಕಟ್ಟಿನಲ್ಲಿ ಅವನು ಶಿರಸ್ತ್ರಾಣ ತೆಗೆದಾಗ ಅವನೊಬ್ಬ ಕಪ್ಪು ಮನುಷ್ಯ ಎಂದು ತಿಳಿಯುತ್ತದೆ. 1953ರಲ್ಲಿ ‘ವಿಯರ್ಡ್ ಫ್ಯಾಂಟಸಿ’ಯ 18ನೇ ಸಂಚಿಕೆಯಲ್ಲಿ ಇದು ಸದ್ದಿಲ್ಲದೆ ಬಂದಿತ್ತು. ಬೇರೊಂದು ಕಥೆಗೆ ಒಪ್ಪಿಗೆ ಸಿಗದ ಕಾರಣ ಇದನ್ನೇ 1956ರ ಆರಂಭದ ತಾರೀಕಿನ ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ನ 33ನೇ ಸಂಚಿಕೆಯಲ್ಲಿ ಮರುಮುದ್ರಿಸಲು ಹೊರಟಾಗ, ಆ ಮನುಷ್ಯ ಕಪ್ಪಾಗಿರಕೂಡದು ಎಂದು ಕೋಡ್ ಕಚೇರಿ ತಗಾದೆ ತೆಗೆಯಿತು, ನಂತರ ಮುಖದ ಮೇಲಿನ ಬೆವರ ಹನಿಗಳನ್ನಾದರೂ ಅಳಿಸಿ ಎಂದಿತು ಎಂದು ಫೆಲ್ಡ್‌ಸ್ಟೈನ್ ಮುಂದೆ ನೆನೆದಿದ್ದಾರೆ. ಗೇನ್ಸ್ ಒಪ್ಪಲಿಲ್ಲ. ಎರಡೂ ಸಂಚಿಕೆಗಳಲ್ಲಿ ಈ ಕಥೆಯ ಕೊನೆಯ ಪುಟವನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ನೋಡಿ: ಮೊಹರು ಹೊತ್ತ ಪ್ರತಿಯಲ್ಲೂ, ಅಂದರೆ ಇ.ಸಿ. ಪ್ರಕಟಿಸಿದ ಆ ಕಟ್ಟಕಡೆಯ ಕಾಮಿಕ್ ಪುಸ್ತಕದಲ್ಲೂ, ಹನಿಗಳು ಇದ್ದಲ್ಲೇ ಇವೆ.